ಪೆಂಡಿ ಕಟ್ಟುವ ಯಂತ್ರದ ಗಂಟು ತಪ್ಪಿದರೆ ಏನು ನೋಡಬೇಕು?

ಸೊಲ್ಲಾಪುರ, ಅಕ್ಕಲಕೋಟೆಯ ಭಾಗದ ಒಕ್ಕಲಿಗನಿಗೆ ಮೇವಿನ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 2012-13ರಲ್ಲಿಯೂ 2019ರಲ್ಲಿಯೂ ಈ ಜಿಲ್ಲೆಯಲ್ಲಿ ಸರಕಾರದ ನೆರವಿನಿಂದ ದನಗಳ ಛಾವಣಿಗಳು ನಡೆದುದನ್ನು ಕಿರಿಯರೂ ಕಂಡಿದ್ದಾರೆ. ಅಂಥ ವರುಷಗಳಲ್ಲಿ ಬಣವಿಯಿದ್ದವನ ದನ ಮನೆಯಲ್ಲಿ ಉಳಿಯಿತು, ಬಣವಿಯಿಲ್ಲದವನ ದನ ಛಾವಣಿಗೆ ಹೋಯಿತು, ಇಲ್ಲವೆ ಸಂತೆಗೆ ಹೋಯಿತು. ಆದುದರಿಂದ ಹೊಲದಲ್ಲಿಯ ಮೇವನ್ನು ಹೊತ್ತಿಗೆ ಸರಿಯಾಗಿ ಕಟ್ಟಿ ಮನೆಗೆ ಸೇರಿಸುವ ಕೆಲಸವು ರಾಶಿಯ ಕೆಲಸಕ್ಕಿಂತ ಸಣ್ಣದಲ್ಲ.

ನಮ್ಮ ಮಾಲದಂಡಿ ಜೋಳದ ಕಣಿಕೆಯನ್ನು ಇಂದಿಗೂ ಹೆಚ್ಚಾಗಿ ಕೈಯಿಂದಲೇ ಸೂಡು ಕಟ್ಟುತ್ತೇವೆ. ಆದರೆ ಗೋಧಿಯ ಹುಲ್ಲು, ಸೋಯಾಬೀನಿನ ಹೊಟ್ಟು, ಕಬ್ಬಿನ ರವದಿ ಇವುಗಳನ್ನು ಕಟ್ಟಲು ಟ್ರ್ಯಾಕ್ಟರಿನ ಹಿಂದೆ ಎಳೆಯುವ ಬೇಲರ್ ಯಂತ್ರಗಳು ಬಂದಿವೆ. ಅವುಗಳಲ್ಲಿ ಸಣ್ಣ ಚೌಕ ಪೆಂಡಿಯ ಯಂತ್ರವು ಒಬ್ಬನೇ ಎತ್ತಿ ಹೇರಬಹುದಾದ ಪೆಂಡಿ ಕಟ್ಟುತ್ತದೆ. ಪೆಂಡಿಯ ಅಗಲ, ಎತ್ತರ ಸಾಮಾನ್ಯವಾಗಿ 14 ಮತ್ತು 18 ಇಂಚು. ಉದ್ದವನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಪ್ರತಿಯೊಂದು ಪೆಂಡಿಗೆ ಎರಡು ಸುತಳಿ, ಎರಡು ಗಂಟು.

ಈ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ಭಾಗವೆಂದರೆ ಈ ಗಂಟು ಹಾಕುವ ಭಾಗವೇ. ಮಿಸ್ತ್ರಿಗಳು ಅದನ್ನು ನಾಟರ್ ಎನ್ನುತ್ತಾರೆ. ಗಂಟು ತಪ್ಪಿದರೆ ಪೆಂಡಿ ಬಿಚ್ಚಿ ಹೊಲದಲ್ಲಿ ಹರಡುತ್ತದೆ, ಯಂತ್ರ ನಿಲ್ಲುತ್ತದೆ, ಬಾಡಿಗೆ ಏರುತ್ತಲೇ ಇರುತ್ತದೆ. ಯಂತ್ರದೊಡನೆ ಬರುವ ಪುಸ್ತಕ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಮಿಸ್ತ್ರಿ ಮರಾಠಿಯಲ್ಲಿ ಹೇಳುತ್ತಾನೆ. ನಾಗಣಸೂರ, ಕರಜಗಿ, ತಡವಳದಂಥ ಊರುಗಳಲ್ಲಿ ಯಂತ್ರ ನಡೆಸುವ ಹುಡುಗ ಕನ್ನಡ ಶಾಲೆಯಲ್ಲಿ ಓದಿದವನಾಗಿರುತ್ತಾನೆ. ಸಣ್ಣ ಬೋಲ್ಟೊಂದನ್ನು ಕಾಲುಸುತ್ತು ತಿರುಗಿಸಿದರೆ ಹೋಗುವ ದೋಷಕ್ಕೆ ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರು ಸೊಲ್ಲಾಪುರಕ್ಕೆ, ಅಲ್ಲಿಂದ ಆಚೆ ಪುಣೆಯ ಹೆದ್ದಾರಿ ಹಿಡಿದು ಚಿಂಚೋಳಿ ಎಂಐಡಿಸಿಯವರೆಗೆ ಮಿಸ್ತ್ರಿಯನ್ನು ಹುಡುಕುತ್ತ ಹೋದವರನ್ನು ನಾವು ಬಲ್ಲೆವು. ಲೇಥಿನ ಕೆಲಸವಿದ್ದರೆ ಹೋಗಲೇಬೇಕು. ಆದರೆ ಯಾವುದು ಲೇಥಿನ ಕೆಲಸ, ಯಾವುದು ಹೊಲದಲ್ಲಿಯೇ ಮುಗಿಯುವ ಕೆಲಸ ಎಂಬುದನ್ನು ಮೊದಲು ತಿಳಿಯಬೇಕು. ಆ ವಿಚಾರವನ್ನೇ ಈ ಪಾಠದಲ್ಲಿ ಮಾಡುವಾ.

ಯಂತ್ರವು ಗಂಟು ಹಾಕುವ ಬಗೆ

ಕೆಟ್ಟುದನ್ನು ತಿದ್ದಬೇಕಾದರೆ ಮೊದಲು ಸರಿಯಾಗಿ ನಡೆಯುವ ಬಗೆಯನ್ನು ಅರಿತಿರಬೇಕು. ಕೈಯಿಂದ ಗಂಟು ಹಾಕುವಾಗ ನಾವು ಮಾಡುವುದೇನು? ಒಂದು ಕೈಯಲ್ಲಿ ಎರಡೂ ಎಳೆಗಳನ್ನು ಹಿಡಿಯುತ್ತೇವೆ, ಬೆರಳಿನ ಸುತ್ತ ಒಂದು ಸುತ್ತು ಹಾಕುತ್ತೇವೆ, ತುದಿಗಳನ್ನು ಬೆರಳುಗಳಿಂದ ಚಿವುಟಿ ಹಿಡಿದು ಸುತ್ತಿನೊಳಗಿಂದ ಎಳೆಯುತ್ತೇವೆ. ಯಂತ್ರವೂ ಇದನ್ನೇ ಮಾಡುತ್ತದೆ.

ಸುತಳಿಯು ಪೆಟ್ಟಿಗೆಯೊಳಗಿನ ಉಂಡೆಯಿಂದ ಹೊರಟು, ಬಿಗಿ ಹಿಡಿಯುವ ಸ್ಪ್ರಿಂಗನ್ನು ದಾಟಿ, ಬಾಗಿದ ದೊಡ್ಡ ಸೂಜಿಯ ಕಣ್ಣಿನೊಳಗೆ ಹಾದು, ಮೇಲೆ ನಾಟರಿಗೆ ಹೋಗಿರುತ್ತದೆ. ಅಲ್ಲಿ ಕಚ್ಚುಗಳಿರುವ ಒಂದು ಬಿಲ್ಲೆಯಿದೆ. ಅದರ ಮಗ್ಗುಲಿಗೆ ಸ್ಪ್ರಿಂಗಿನಿಂದ ಒತ್ತುವ ಒಂದು ಹಿಡಿಪಟ್ಟಿಯಿದೆ. ಸುತಳಿಯ ತುದಿಯನ್ನು ಇವೆರಡೂ ಕೂಡಿ ಕಚ್ಚಿ ಹಿಡಿದಿರುತ್ತವೆ. ಇದನ್ನು ಹಳೆಯ ಎಳೆ ಎನ್ನೋಣ. ಮೇವು ಹಿಂದಕ್ಕೆ ಸರಿದಂತೆ ಈ ಎಳೆ ಪೆಂಡಿಯ ಸುತ್ತ ಬರುತ್ತದೆ.

ಪೆಂಡಿ ಬೇಕಾದಷ್ಟು ಉದ್ದವಾದೊಡನೆ ಅಳತೆಯ ಹಲ್ಲುಗಾಲಿಯು ಕೊಂಡಿಯನ್ನು ಬಿಡಿಸುತ್ತದೆ. ಸೂಜಿಯು ಮೇಲೆದ್ದು ಇನ್ನೊಂದು ಎಳೆಯನ್ನು ತಂದು ಹಳೆಯ ಎಳೆಯ ಮಗ್ಗುಲಲ್ಲಿ ಇಡುತ್ತದೆ. ಇದು ಹೊಸ ಎಳೆ. ಬಿಲ್ಲೆ ತುಸು ತಿರುಗಿ ಹೊಸ ಎಳೆಯನ್ನೂ ಕಚ್ಚುತ್ತದೆ. ಈಗ ಎರಡೂ ಎಳೆಗಳು ಒಂದು ಸಣ್ಣ ಉಕ್ಕಿನ ಕೊಕ್ಕಿನ ಮೇಲೆ ಮಲಗಿರುತ್ತವೆ. ಮಿಸ್ತ್ರಿಗಳು ಬಿಲ್ ಹುಕ್ ಎನ್ನುವ ಈ ಕೊಕ್ಕು ನೋಡಲು ಗಿಳಿಯ ಕೊಕ್ಕಿನಂತೆಯೇ ಇದೆ. ಅದಕ್ಕೆ ತೆರೆದು ಮುಚ್ಚುವ ನಾಲಿಗೆಯೂ ಉಂಟು. ಕೊಕ್ಕು ಒಂದು ಪೂರ್ತಿ ಸುತ್ತು ತಿರುಗಿ ಎರಡೂ ಎಳೆಗಳನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತದೆ, ಬಾಯಿ ತೆರೆದು ತುದಿಗಳನ್ನು ಕಚ್ಚಿ ಬಾಯಿ ಮುಚ್ಚುತ್ತದೆ. ಕೂಡಲೇ ಚಾಕುವಿನ ತೋಳು ಬಂದು ಬಿಲ್ಲೆಗೂ ಕೊಕ್ಕಿಗೂ ನಡುವೆ ಸುತಳಿಯನ್ನು ಕೊಯ್ಯುತ್ತದೆ. ಅದೇ ತೋಳು ಕೊಕ್ಕಿನ ಮೇಲಿನ ಸುತ್ತನ್ನು ಒರೆಸಿ ಮುಂದಕ್ಕೆ ತಳ್ಳುತ್ತದೆ. ಬಾಯಲ್ಲಿ ಹಿಡಿದ ತುದಿಗಳ ಮೇಲಿಂದ ಆ ಸುತ್ತು ಜಾರಿದೊಡನೆ ಗಂಟು ಆಯಿತು. ಬಿಲ್ಲೆಯಲ್ಲಿ ಉಳಿದ ಹೊಸ ಎಳೆಯ ತುದಿಯು ಮುಂದಿನ ಪೆಂಡಿಗೆ ಹಳೆಯ ಎಳೆಯಾಗುತ್ತದೆ.

ಒಳಗೆ ಮೇವನ್ನು ದಬ್ಬುವ ಪ್ಲಂಜರು ಮಿನಿಟಿಗೆ ಎಂಬತ್ತು-ತೊಂಬತ್ತು ಸಲ ಹೊಡೆಯುತ್ತದೆ. ಗಂಟಿನ ಕೆಲಸವೆಲ್ಲ ಇಂಥ ಒಂದು ಹೊಡೆತದ ವೇಳೆಯಲ್ಲಿ, ಎಂದರೆ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಆದುದರಿಂದ ಯಂತ್ರ ನಡೆಯುತ್ತಿರುವಾಗ ಕಣ್ಣಿಗೆ ದೋಷ ಕಾಣದು. ಬಿದ್ದ ಸುತಳಿಯನ್ನು ಓದಿಯೇ ದೋಷವನ್ನು ತಿಳಿಯಬೇಕು.

ಈ ಉಪಾಯ ಇಂದಿನದಲ್ಲ. ಅಮೇರಿಕೆಯ ಜಾನ್ ಆಪಲ್‌ಬಿ ಎಂಬವನು ಎಳೆಯ ಹರೆಯದಲ್ಲಿಯೇ ಇಂಥ ಕೊಕ್ಕಿನ ಮಾದರಿಯನ್ನು ಮಾಡಿ, 1878ರ ಸುಮಾರಿಗೆ ತೆನೆಯ ಸೂಡು ಕಟ್ಟುವ ಯಂತ್ರದಲ್ಲಿ ಅದನ್ನು ಕೂಡಿಸಿದನು. 1864ರಲ್ಲಿ ಜೇಕಬ್ ಬೆಹೆಲ್ ಎಂಬವನು ಕೊಕ್ಕಿಗೆ ಹಕ್ಕು ಪಡೆದಿದ್ದನು. ಹೊಲದಲ್ಲಿ ನಡೆಯುತ್ತಲೇ ಮೇವನ್ನೆತ್ತಿ ತಾನೇ ಕಟ್ಟುವ ಪೆಂಡಿಯಂತ್ರವನ್ನು ಎಡ್ವಿನ್ ನೋಲ್ಟ್ ಎಂಬ ಪೆನ್ಸಿಲ್ವೇನಿಯದ ಒಕ್ಕಲಿಗನು 1937ರ ಸುಮಾರಿಗೆ ಮಾಡಿದನು. ಅಂದಿನ ಕೊಕ್ಕು, ಬಿಲ್ಲೆ, ಚಾಕು ಇಂದಿನ ಯಂತ್ರದಲ್ಲಿಯೂ ಅವೇ. ಒಮ್ಮೆ ಕಲಿತರೆ ಯಾವ ಕಂಪನಿಯ ಯಂತ್ರಕ್ಕೂ ಈ ವಿದ್ಯೆ ಸಲ್ಲುತ್ತದೆ.

ಮೊದಲು ಜೀವ, ಆಮೇಲೆ ಗಂಟು

ಕೈಹಾಕುವ ಮೊದಲು ಟ್ರ್ಯಾಕ್ಟರಿನ ಪಿಟಿಓ ಬಿಡಿಸತಕ್ಕದ್ದು, ಇಂಜಿನ್ನು ನಿಲ್ಲಿಸತಕ್ಕದ್ದು, ಕೀಲಿಯನ್ನು ತೆಗೆದು ನಾಟರ್ ಮುಟ್ಟುವವನೇ ತನ್ನ ಕಿಸೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಇಂಜಿನ್ನು ನಿಂತರೂ ಫ್ಲೈವೀಲ್ ಎಂಬ ಭಾರವಾದ ಗಾಲಿ ಕೆಲಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೆಯೇ ಹತ್ತಿರ ಹೋಗಬೇಕು. ಸೂಜಿ ಏಳುವ ದಾರಿಯಲ್ಲಿ ಕೈಯಿಟ್ಟುಕೊಂಡು ಇನ್ನೊಬ್ಬನಿಗೆ ಗಾಲಿ ತಿರುಗಿಸೆಂದು ಹೇಳಬಾರದು. ಧೋತರದ ಚುಂಗು, ಹೆಗಲ ಮೇಲಿನ ಟಾವೆಲು, ಸೀರೆಯ ಸೆರಗು ಇವು ಪಿಟಿಓ ದಂಡದ ಹತ್ತಿರ ಬರಕೂಡದು. ದಂಡದ ಮೇಲಿನ ಕವಚ ಒಡೆದಿದ್ದರೆ ಗಂಟಿಗಿಂತ ಮೊದಲು ಅದನ್ನೇ ಸರಿಮಾಡಿಸಬೇಕು. ಒಂದು ಪೆಂಡಿ ಬಿಚ್ಚಿದರೆ ಮತ್ತೆ ಕಟ್ಟಬಹುದು. ಬೆರಳು ಹೋದರೆ ಹೋಯಿತು.

ಸುತಳಿಯ ಪರೀಕ್ಷೆ

ಗಂಟು ತಪ್ಪಿದೊಡನೆ ಸ್ಪ್ಯಾನರ್ ಹಿಡಿಯುವುದು ನಮ್ಮವರ ರೂಢಿ. ಮೊದಲು ಹಿಡಿಯಬೇಕಾದುದು ಸುತಳಿಯನ್ನು.

ಸುತಳಿಯ ಎರಡು ಮಾರು ಎಳೆದು ಬೆರಳ ನಡುವೆ ಹಾಯಿಸಿ ನೋಡಿರಿ. ಒಂದು ಕಡೆ ದಪ್ಪ, ಒಂದು ಕಡೆ ತೆಳುವು ಇದ್ದರೆ ಯಾವ ಯಂತ್ರವೂ ಅದನ್ನು ಸಮನಾಗಿ ಹಿಡಿಯಲಾರದು. ತೆಳುವಾದಲ್ಲಿ ಬಿಲ್ಲೆಯಿಂದ ಜಾರುತ್ತದೆ, ದಪ್ಪವಾದಲ್ಲಿ ಕೊಕ್ಕಿಗೆ ಸಿಕ್ಕಿಕೊಳ್ಳುತ್ತದೆ. ಸುತಳಿಯ ಚೀಟಿಯ ಮೇಲೆ ಕಿಲೋಗೆ ಇಷ್ಟು ಮೀಟರು ಎಂದು ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟು ಸುತಳಿ ತೆಳುವೆಂದು ತಿಳಿಯಬೇಕು. ಯಂತ್ರದ ಪುಸ್ತಕದಲ್ಲಿ ಹೇಳಿದ ಅಂಕಿಯದನ್ನೇ ಕೊಳ್ಳಬೇಕು. ಎರಡು ಬಗೆಯ ಸುತಳಿಗಳನ್ನು ಬೆರಸಿ ನಡೆಸಬಾರದು.

ನಾರಿನ ಸುತಳಿಗೂ ಪ್ಲಾಸ್ಟಿಕ್ ಸುತಳಿಗೂ ಭೇದವುಂಟು. ಪ್ಲಾಸ್ಟಿಕ್ಕು ನುಣುಪು, ಬೇಗ ಜಾರುತ್ತದೆ; ಆದುದರಿಂದ ಅದಕ್ಕೆ ಬಿಲ್ಲೆಯ ಹಿಡಿಪಟ್ಟಿ ಹೆಚ್ಚು ಬಿಗಿಯಾಗಿರಬೇಕಾಗುತ್ತದೆ. ನಾರಿನದನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದ ದಿನವೇ ಗಂಟು ತಪ್ಪತೊಡಗಿದರೆ ಯಂತ್ರ ಕೆಟ್ಟಿತೆಂದು ತಿಳಿಯದೆ ಹಿಡಿತವನ್ನು ಹೊಂದಿಸಬೇಕು. ನಾರಿನ ಸುತಳಿ ತೊಯ್ದರೆ ಉಬ್ಬುತ್ತದೆ, ಮುಗ್ಗಿದರೆ ಹರಿಯುತ್ತದೆ. ಅದನ್ನು ಕಾಳಿನಂತೆಯೇ ಒಣ ಜಾಗದಲ್ಲಿ, ಇಲಿಗೆ ಸಿಗದಂತೆ ಇಡಬೇಕು.

ಉಂಡೆಯ ಸುತಳಿಯನ್ನು ಯಾವಾಗಲೂ ನಡುವಿನಿಂದ ಎಳೆದುಕೊಳ್ಳಬೇಕು. ಒಂದು ಉಂಡೆಯ ಹೊರಗಿನ ತುದಿಯನ್ನು ಮುಂದಿನ ಉಂಡೆಯ ಒಳಗಿನ ತುದಿಗೆ ಕಟ್ಟಬೇಕು. ಕಟ್ಟುವಾಗ ಬಲದ ಎಳೆ ಎಡದ ಮೇಲೆ, ಬಳಿಕ ಎಡದ ಎಳೆ ಬಲದ ಮೇಲೆ ಬಂದರೆ ಗಂಟು ಚಪ್ಪಟೆಯಾಗಿ ಕೂಡ್ರುತ್ತದೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಜಾರುತ್ತದೆ. ಪ್ಲಾಸ್ಟಿಕ್ ಸುತಳಿಯಾದರೆ ಮೇಲೆ ಇನ್ನೊಂದು ಸುತ್ತು ಹಾಕಿ ಎಳೆದು ನೋಡಬೇಕು. ಉಳಿದ ಬಾಲಗಳನ್ನು ಗಿಡ್ಡವಾಗಿ ಕತ್ತರಿಸಬೇಕು. ದಪ್ಪ ಗಂಟು ಸೂಜಿಯ ಕಣ್ಣಿನಲ್ಲಿ ಸಿಕ್ಕಿಬಿದ್ದು ಸುತಳಿ ಹರಿಯುವುದನ್ನು ಎಷ್ಟೋ ಸಲ ಕಂಡಿದ್ದೇವೆ.

ಇನ್ನೊಂದು ಸುಲಭದ ಪರೀಕ್ಷೆಯುಂಟು. ಎರಡು ನಾಟರುಗಳಲ್ಲಿ ಒಂದು ಸರಿಯಾಗಿ ಕಟ್ಟುತ್ತಿದ್ದು ಇನ್ನೊಂದು ತಪ್ಪುತ್ತಿದ್ದರೆ, ಎರಡರ ಉಂಡೆಗಳನ್ನು ಅದಲುಬದಲು ಮಾಡಿ ನಾಲ್ಕು ಪೆಂಡಿ ಕಟ್ಟಿರಿ. ದೋಷವು ಉಂಡೆಯೊಡನೆ ಹೋದರೆ ಅದು ಸುತಳಿಯ ದೋಷ. ಇದ್ದಲ್ಲಿಯೇ ಉಳಿದರೆ ನಾಟರಿನ ದೋಷ. ಎರಡೂ ಕಡೆ ಏಕಕಾಲಕ್ಕೆ ತಪ್ಪತೊಡಗಿದರೆ ಸುತಳಿ, ಮೇವಿನ ಹಸಿ, ಪೆಂಡಿಯ ಬಿಗಿ ಇಂಥ ಇಬ್ಬರಿಗೂ ಸೇರಿದ ಕಾರಣವನ್ನು ಹುಡುಕಬೇಕು. ಬರಿದಾದ ಯಂತ್ರದಲ್ಲಿ ಮೊದಲಿನ ಒಂದೆರಡು ಪೆಂಡಿಗಳು ತಪ್ಪಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಒಳಗೆ ಮೇವು ತುಂಬಿ ಎದುರೊತ್ತು ಬರುವವರೆಗೆ ಗಂಟು ಕೊಕ್ಕಿನಿಂದ ಸರಿಯಾಗಿ ಜಾರುವುದಿಲ್ಲ.

ಲಕ್ಷಣ, ಕಾರಣ, ಉಪಾಯ

ಈಗ ತಪ್ಪಿದ ಸುತಳಿಯನ್ನು ಎಸೆಯದೆ ಎತ್ತಿಕೊಂಡು ಎರಡೂ ತುದಿಗಳನ್ನು ನೋಡುವಾ.

1. ತುದಿಗಳು ನಾರುನಾರಾಗಿವೆ, ಒಂದು ಉದ್ದ ಒಂದು ಗಿಡ್ಡ. ಚಾಕು ಮೊಂಡಾಗಿದೆ. ಮೊಂಡ ಚಾಕು ಸುತಳಿಯನ್ನು ಕೊಯ್ಯದೆ ಜಗ್ಗಿ ಹರಿಯುತ್ತದೆ. ಜಗ್ಗುವಾಗ ಬಿಲ್ಲೆಯಿಂದಲೂ ಕೊಕ್ಕಿನಿಂದಲೂ ಎಳೆ ಕಿತ್ತುಬರುತ್ತದೆ. ಚಾಕುವನ್ನು ಬಿಚ್ಚಿ ಸಾಣೆಕಲ್ಲಿಗೆ ಹಿಡಿದು ಹರಿತಮಾಡಬೇಕು, ತೀರ ಸವೆದಿದ್ದರೆ ಬದಲಿಸಬೇಕು. ಉಳಿದ ಲಕ್ಷಣಗಳನ್ನು ನೋಡುವ ಮೊದಲು ಚಾಕುವನ್ನೇ ಸರಿಮಾಡಬೇಕು. ಏಕೆಂದರೆ ಕೊಯ್ತ ಸ್ವಚ್ಛವಿಲ್ಲದಿದ್ದರೆ ತುದಿಯು ಜಾರಿತೋ ಹರಿಯಿತೋ ಎಂಬುದು ತಿಳಿಯುವುದೇ ಇಲ್ಲ.

2. ಹೊಸ ಎಳೆಯಲ್ಲಿ ಮಾತ್ರ ಗಂಟಿದೆ. ಹಳೆಯ ಎಳೆಯ ತುದಿ ಬರಿದಾಗಿದೆ. ಹಳೆಯ ಎಳೆಯು ಗಂಟಿನ ವೇಳೆಗೆ ಬಿಲ್ಲೆಯಲ್ಲಿ ಇರಲಿಲ್ಲವೆಂದು ಅರ್ಥ. ಆ ತುದಿ ಚಾಕುವಿನಿಂದ ಕೊಯ್ದಂತೆ ಸ್ವಚ್ಛವಾಗಿದ್ದರೆ ಅದು ಜಾರಿ ಹೋಗಿದೆ, ಹಿಡಿಪಟ್ಟಿ ಸಡಿಲಾಗಿದೆ. ಪಟ್ಟಿಯ ಸ್ಪ್ರಿಂಗಿನ ಬೋಲ್ಟನ್ನು ಕಾಲುಸುತ್ತು ಬಿಗಿಮಾಡಿರಿ. ತುದಿ ಜಜ್ಜಿದಂತಾಗಿ ಹರಿದಿದ್ದರೆ ಹಿಡಿಪಟ್ಟಿಯೇ ಅತಿ ಬಿಗಿಯಾಗಿ ಎಳೆಯನ್ನು ಕಡಿದಿದೆ. ಆಗ ಕಾಲುಸುತ್ತು ಸಡಿಲಿಸಿರಿ. ಒಂದೇ ಬೋಲ್ಟು, ಎರಡು ದಿಕ್ಕು. ಯಾವ ದಿಕ್ಕೆಂಬುದನ್ನು ಸುತಳಿಯ ತುದಿಯೇ ಹೇಳುತ್ತದೆ. ಬಿಲ್ಲೆಯ ಕಚ್ಚಿನಲ್ಲಿ ಹೊಟ್ಟು, ಸುತಳಿಯ ಚೂರು ತುಂಬಿದ್ದರೂ ಹಿಡಿತ ಕೆಡುತ್ತದೆ. ಮೊದಲು ಅದನ್ನು ಕೆದರಿ ತೆಗೆಯಬೇಕು.

3. ಹಳೆಯ ಎಳೆಯಲ್ಲಿ ಮಾತ್ರ ಗಂಟಿದೆ. ಹೊಸ ಎಳೆ ಸಿಕ್ಕಿಲ್ಲ. ಸೂಜಿಯು ಹೊಸ ಎಳೆಯನ್ನು ತಂದು ಇಡಬೇಕಾದಲ್ಲಿ ಇಡಲಿಲ್ಲ. ಸೂಜಿಯ ಕಣ್ಣಿನಲ್ಲಿ ಸುತಳಿ ಇದೆಯೋ, ಉಂಡೆ ಮುಗಿದಿದೆಯೋ, ಪೆಟ್ಟಿಗೆಯಲ್ಲಿ ಸಿಕ್ಕು ಬಿದ್ದಿದೆಯೋ ನೋಡಿರಿ. ಪೆಟ್ಟಿಗೆಯ ಹತ್ತಿರದ ಬಿಗಿ ಹಿಡಿಯುವ ಸ್ಪ್ರಿಂಗು ಸಡಿಲಿದ್ದರೆ ಎಳೆ ಜೋತುಬಿದ್ದು ಕೊಕ್ಕಿನ ಮಗ್ಗುಲಿಗೆ ಹೋಗುತ್ತದೆ, ಸ್ವಲ್ಪ ಬಿಗಿಮಾಡಬೇಕು. ಕೆಲವು ಯಂತ್ರಗಳಲ್ಲಿ ಎಳೆಯನ್ನು ಕೊಕ್ಕಿನ ಮೇಲೆ ಸರಿಸುವ ಒಂದು ಬೆರಳು ಇರುತ್ತದೆ. ಅದು ಬಾಗಿದ್ದರೂ ಹೀಗಾಗುತ್ತದೆ. ಇವೆಲ್ಲ ಸರಿಯಿದ್ದು ಸೂಜಿಯೇ ಓರೆಯಾಗಿದ್ದರೆ, ಇಲ್ಲವೆ ಬಿಲ್ಲೆಯ ಕಚ್ಚು ಎಳೆಯ ನೇರಕ್ಕೆ ಬರದಿದ್ದರೆ ಅದು ಬಲ್ಲ ಮಿಸ್ತ್ರಿಯ ಕೆಲಸ. ಸುತ್ತಿಗೆಯಿಂದ ಸೂಜಿಯನ್ನು ಬಡಿದು ನೇರಮಾಡಬಾರದು.

4. ಗಂಟು ಬಿದ್ದಿದೆ, ಆದರೆ ಕೊಕ್ಕಿನಲ್ಲಿಯೇ ಸಿಕ್ಕಿಕೊಂಡು ಸುತಳಿ ಹರಿದಿದೆ. ಒರೆಸುವ ತೋಳು ಸುತ್ತನ್ನು ಕೊಕ್ಕಿನಿಂದ ತಳ್ಳಲಿಲ್ಲ. ತೋಳು ಕೊಕ್ಕಿನ ಬೆನ್ನಿಗೆ ಹಗುರಾಗಿ ತಾಗಿ ಸವರುತ್ತ ಹೋಗಬೇಕು. ನಡುವೆ ಬೆಳಕು ಕಂಡರೆ ತೋಳು ಬಾಗಿದೆ ಇಲ್ಲವೆ ಸವೆದಿದೆ. ಎರಡನೆಯ ಕಾರಣ, ನಾಲಿಗೆಯ ಸ್ಪ್ರಿಂಗು ಅತಿ ಬಿಗಿ. ಬಾಯಿ ತುದಿಗಳನ್ನು ಬಿಡುತ್ತಿಲ್ಲ. ಅದನ್ನು ಅರೆಪಾವು ಸುತ್ತಿನಷ್ಟು ಸಡಿಲಿಸಿ ನೋಡಬೇಕು. ಮೂರನೆಯ ಕಾರಣ ತುಕ್ಕು. ಮಳೆಗಾಲವೆಲ್ಲ ಬಯಲಲ್ಲಿ ನಿಂತ ಯಂತ್ರದ ಕೊಕ್ಕು ಒರಟಾಗಿರುತ್ತದೆ. ನುಣ್ಣನೆಯ ಪಾಲಿಶ್ ಕಾಗದದಿಂದ ಹೊಳೆಯುವವರೆಗೆ ತಿಕ್ಕಬೇಕು. ಅರವನ್ನು ಹಾಕಕೂಡದು, ಕೊಕ್ಕಿನ ಆಕಾರ ಕೆಟ್ಟರೆ ಮತ್ತೆ ಬಾರದು.

5. ಗಂಟು ಬೀಳುತ್ತದೆ, ಪೆಂಡಿ ನೆಲಕ್ಕೆ ಬಿದ್ದೊಡನೆ ಬಿಚ್ಚುತ್ತದೆ. ನಾಲಿಗೆಯ ಹಿಡಿತ ಸಡಿಲು. ಸುತ್ತು ಜಾರುವ ಮೊದಲೇ ಬಾಯಿ ತುದಿಗಳನ್ನು ಬಿಟ್ಟಿದೆ. ನಾಲಿಗೆಯ ಸ್ಪ್ರಿಂಗನ್ನು ಸ್ವಲ್ಪ ಬಿಗಿಮಾಡಿರಿ. ಬಿಗಿಮಾಡಿದರೂ ಹಾಗೆಯೇ ಇದ್ದರೆ ನಾಲಿಗೆಯಾಗಲಿ, ಅದರ ಹಿಂದಿನ ಸಣ್ಣ ಉರುಳೆಯಾಗಲಿ ಸವೆದಿದೆ, ಬಿಡಿಭಾಗ ತರಬೇಕು.

6. ಗಂಟು ಚೆನ್ನಾಗಿದೆ, ಸುತಳಿಯು ಬೇರೆ ಕಡೆ ಹರಿದಿದೆ. ನಾಟರಿನ ದೋಷವಲ್ಲ. ಪೆಂಡಿಯ ಬಿಗಿ ಹೆಚ್ಚಾಗಿದೆ, ಇಲ್ಲವೆ ಸುತಳಿಯ ದಾರಿಯಲ್ಲಿ ಎಲ್ಲಿಯೋ ಹರಿತ ಅಂಚಿದೆ. ಸುತಳಿ ಹಾಯುವ ಪ್ರತಿಯೊಂದು ಬಳೆಯಲ್ಲಿಯೂ, ಸೂಜಿಯ ಕಣ್ಣಿನಲ್ಲಿಯೂ ಬೆರಳಾಡಿಸಿ ನೋಡಿರಿ. ವರುಷಗಟ್ಟಲೆ ಸುತಳಿ ಹರಿದು ಹರಿದು ಬಾವಿಯ ಕಟ್ಟೆಯ ಕಲ್ಲಿನಂತೆ ಗೆರೆ ಬಿದ್ದಿರುತ್ತದೆ. ಹಸಿ ಮೇವು ಒಣ ಮೇವಿಗಿಂತ ತೂಕವೂ ಹೌದು, ಬಿಗಿಯೂ ಹೌದು. ಬೆಳಗಿನ ಇಬ್ಬನಿ ಆರುವ ಮೊದಲು ಕಟ್ಟತೊಡಗಿದರೆ ಸುತಳಿ ಹರಿಯುವುದಲ್ಲದೆ ಪೆಂಡಿ ಒಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ.

7. ಸೂಜಿಯ ಬೋಲ್ಟು ಪದೇ ಪದೇ ಮುರಿಯುತ್ತಿದೆ. ಶಿಯರ್ ಬೋಲ್ಟು ಮುರಿಯುವುದೇ ಅದರ ಧರ್ಮ. ತಾನು ಮುರಿದು ಸೂಜಿಯನ್ನು ಉಳಿಸುತ್ತದೆ. ಅದರ ಜಾಗದಲ್ಲಿ ಗಟ್ಟಿ ಬೋಲ್ಟು ಹಾಕಿದವನು ಹತ್ತು ರೂಪಾಯಿಯನ್ನು ಉಳಿಸಿ ಸೂಜಿಯನ್ನು ಕಳೆಯುತ್ತಾನೆ. ಅದೇ ಜಾತಿಯ ಬೋಲ್ಟನ್ನೇ ಹಾಕಬೇಕು. ಮತ್ತೆ ಮತ್ತೆ ಮುರಿದರೆ ಸೂಜಿಗೂ ಪ್ಲಂಜರಿಗೂ ತಾಳ ತಪ್ಪಿರಬಹುದು. ಆಗ ಯಂತ್ರವನ್ನು ನಿಲ್ಲಿಸಿ ಮಿಸ್ತ್ರಿಯನ್ನು ಕರೆಯಲೇಬೇಕು.

ಒಂದು ಸಲಕ್ಕೆ ಒಂದೇ ಬದಲು

ಈ ಮಾತನ್ನು ನಾವು ನಷ್ಟ ತೆತ್ತು ಕಲಿತೆವು. ಒಂದು ಮಾರ್ಚ ತಿಂಗಳಿನಲ್ಲಿ ಗೋಧಿಯ ಹುಲ್ಲು ಕಟ್ಟಿಸುತ್ತಿದ್ದೆವು. ಮಧ್ಯಾಹ್ನದಿಂದ ಪಡುವಲಲ್ಲಿ ಮೋಡ ಕಟ್ಟತೊಡಗಿತು. 2014ರ ಫೆಬ್ರುವರಿ-ಮಾರ್ಚದಲ್ಲಿ ಈ ಸೀಮೆಯಲ್ಲಿ ಬಿದ್ದ ಆಲಿಕಲ್ಲನ್ನು ಕಂಡವರಿಗೆ ಆ ಮೋಡದ ಅಂಜಿಕೆ ಏನೆಂದು ಗೊತ್ತು. ಅದೇ ಹೊತ್ತಿಗೆ ಎಡಗಡೆಯ ಗಂಟು ತಪ್ಪಿತು. ಅವಸರದಲ್ಲಿ ಒಬ್ಬನು ಹಿಡಿಪಟ್ಟಿಯನ್ನು ಬಿಗಿಮಾಡಿದನು, ಇನ್ನೊಬ್ಬನು ನಾಲಿಗೆಯ ಸ್ಪ್ರಿಂಗನ್ನು ತಿರುವಿದನು, ಮೂರನೆಯವನು ಪೆಂಡಿಯ ಬಿಗಿಯನ್ನು ಏರಿಸಿದನು. ಹತ್ತು ಪೆಂಡಿಗೆ ಒಂದು ತಪ್ಪುತ್ತಿದ್ದುದು ಹತ್ತಕ್ಕೆ ಎಂಟು ತಪ್ಪತೊಡಗಿತು. ಯಾವ ಬೋಲ್ಟು ಮೊದಲು ಎಲ್ಲಿತ್ತೆಂಬುದು ಯಾರಿಗೂ ನೆನಪಿಲ್ಲ. ಮಳೆ ಬಂದೇ ಬಂದಿತು. ಅರ್ಧ ಹೊಲದ ಹುಲ್ಲು ತೊಯ್ದು ಕಪ್ಪಾಯಿತು, ದನ ಮೂಸಿ ನೋಡಿ ಬಿಟ್ಟವು. ಮರುದಿನ ಮಿಸ್ತ್ರಿ ಬಂದು ಎಲ್ಲವನ್ನೂ ಮೊದಲಿನಂತೆ ಹೊಂದಿಸಿ, ಕಡೆಗೆ ಎಡಗಡೆಯ ಉಂಡೆಯನ್ನೆತ್ತಿ ತೋರಿಸಿದನು. ಅಗ್ಗವೆಂದು ತಂದ ಆ ಸುತಳಿ ತಳದಲ್ಲಿ ಮುಗ್ಗಿತ್ತು. ದೋಷ ಯಂತ್ರದಲ್ಲಿ ಇರಲೇ ಇಲ್ಲ.

ಅಂದಿನಿಂದ ನಾವು ಪಾಲಿಸುವ ನಿಯಮ ಹೀಗಿದೆ. ಬೋಲ್ಟನ್ನು ಮುಟ್ಟುವ ಮೊದಲು ಅದು ಇದ್ದ ಜಾಗಕ್ಕೆ ಬಣ್ಣದಿಂದಲೋ ಖಡುವಿನಿಂದಲೋ ಗೆರೆ ಹಾಕುವುದು. ಒಂದು ಸಲಕ್ಕೆ ಒಂದೇ ಬೋಲ್ಟು, ಕಾಲುಸುತ್ತು ಮಾತ್ರ. ಬಳಿಕ ನಾಲ್ಕೈದು ಪೆಂಡಿ ಕಟ್ಟಿ ನೋಡುವುದು. ಗುಣ ಕಾಣದಿದ್ದರೆ ಅದನ್ನು ಗೆರೆಗೆ ತಂದು ನಿಲ್ಲಿಸಿ ಆಮೇಲೆ ಇನ್ನೊಂದಕ್ಕೆ ಹೋಗುವುದು. ಮಾಡಿದ್ದನ್ನು ಒಂದು ವಹಿಯಲ್ಲಿ ಬರೆದಿಡುವುದು. ಹೊತ್ತು ಹೆಚ್ಚು ಹೋದಂತೆ ಕಂಡರೂ ಕಡೆಗೆ ಇದೇ ಬೇಗನೆಯ ದಾರಿ.

ಕೈಯಿಂದ ತಿರುಗಿಸಿ ನೋಡುವುದು

ಸುತಳಿಯನ್ನು ಓದಿದರೂ ಕಾರಣ ಹೊಳೆಯದಿದ್ದರೆ ಯಂತ್ರವನ್ನು ಕೈಯಿಂದ ನಡೆಸಿ ನೋಡಬೇಕು. ಟ್ರ್ಯಾಕ್ಟರು ನಿಂತಿರಲಿ, ಕೀಲಿ ಕಿಸೆಯಲ್ಲಿರಲಿ, ಪಿಟಿಓ ಬಿಡಿಸಿರಲಿ. ಅಳತೆಯ ಕೊಂಡಿಯನ್ನು ಕೈಯಿಂದ ಬಿಡಿಸಿ, ಫ್ಲೈವೀಲನ್ನು ಅದು ನಡೆಯುವ ದಿಕ್ಕಿನಲ್ಲಿಯೇ ಒಬ್ಬನು ಮೆಲ್ಲಗೆ ತಿರುಗಿಸಬೇಕು. ಇನ್ನೊಬ್ಬನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು. ಸೂಜಿ ಹೊಸ ಎಳೆಯನ್ನು ಕೊಕ್ಕಿನ ಮೇಲೆ ಇಟ್ಟಿತೇ? ಬಿಲ್ಲೆ ಕಚ್ಚಿತೇ? ಕೊಕ್ಕಿನ ಬಾಯಿ ತೆರೆದಾಗ ಎರಡೂ ಎಳೆ ಒಳಗೆ ಹೋದುವೇ? ಚಾಕು ಕೊಯ್ದಿತೇ? ತೋಳು ಸವರಿತೇ? ಈ ಐದು ಪ್ರಶ್ನೆಗಳಲ್ಲಿ ಯಾವುದಕ್ಕೆ ಇಲ್ಲವೆಂದು ಉತ್ತರ ಬಂತೋ ಅಲ್ಲಿಯೇ ದೋಷವಿದೆ. ಮಿಸ್ತ್ರಿಯನ್ನು ಕರೆಯಬೇಕಾದರೂ ಫೋನಿನಲ್ಲಿ ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಅವನು ಬೇಕಾದ ಭಾಗವನ್ನು ಕೂಡಿಯೇ ತರುತ್ತಾನೆ. ಎರಡು ಸಲದ ಬಾಡಿಗೆ ಉಳಿಯುತ್ತದೆ.

ನಿತ್ಯದ ಆರೈಕೆ

ನಾಟರಿನ ಶತ್ರುಗಳು ಎರಡು, ಧೂಳು ಮತ್ತು ತುಕ್ಕು. ದಿನವೂ ಕೆಲಸದ ನಡುವೆ ಒಂದೆರಡು ಸಲ ಯಂತ್ರ ನಿಲ್ಲಿಸಿ ನಾಟರಿನ ಮೇಲಿನ ಹೊಟ್ಟನ್ನು ಬ್ರಶ್ಶಿನಿಂದ ಝಾಡಿಸಬೇಕು. ಗ್ರೀಸಿನ ಮೊಲೆಗಳಿಗೆ ಪುಸ್ತಕದಲ್ಲಿ ಹೇಳಿದ ವೇಳೆಗೆ ಗ್ರೀಸು ಕೊಡಬೇಕು. ಹೊರಗೆ ಬಂದ ಗ್ರೀಸನ್ನು ಒರೆಸಬೇಕು, ಇಲ್ಲವಾದರೆ ಧೂಳು ಅದಕ್ಕೇ ಅಂಟುತ್ತದೆ. ಬೇರಿಂಗಿನ ಸುತ್ತ ಒಣ ಹೊಟ್ಟು ಸೇರಿ ಕಾದು ಬೆಂಕಿ ಹತ್ತುವ ಭಯವೂ ಉಂಟು. ನೀರಿನ ಕೊಡವಾದರೂ ಹತ್ತಿರವಿರಲಿ. ಹಂಗಾಮು ಮುಗಿದ ಮೇಲೆ ಕೊಕ್ಕು, ಬಿಲ್ಲೆ, ಚಾಕು ಇವನ್ನು ತೊಳೆದು ಒರೆಸಿ ಎಣ್ಣೆ ಸವರಿ ಮೇಲೆ ಅರಿವೆ ಕಟ್ಟಬೇಕು. ಹೊಸ ಹಂಗಾಮಿನ ಮೊದಲ ದಿನ ಆ ಎಣ್ಣೆಯನ್ನು ಒರೆಸಿಯೇ ಸುತಳಿ ಪೋಣಿಸಬೇಕು. ಎಣ್ಣೆ ಹತ್ತಿದ ಬಿಲ್ಲೆ ಸುತಳಿಯನ್ನು ಹಿಡಿಯದು.

ಸುತಳಿ ದನದ ಹೊಟ್ಟೆಗೆ ಹೋಗಬಾರದು

ಗಂಟು ಸರಿಹೋಯಿತು, ಪೆಂಡಿ ಮನೆಗೆ ಬಂತು. ಆದರೆ ಸುತಳಿಯ ವಿಚಾರ ಇಲ್ಲಿಗೆ ಮುಗಿಯಲಿಲ್ಲ. ಗಂಟು ತಪ್ಪಿದ ಪೆಂಡಿಗಳ ಸುತಳಿ ಹೊಲದಲ್ಲಿ ಹರಡಿದ ಮೇವಿನೊಳಗೇ ಉಳಿಯುತ್ತದೆ. ಅದನ್ನು ಮತ್ತೆ ಯಂತ್ರ ನುಂಗಿ ಇನ್ನೊಂದು ಪೆಂಡಿಯೊಳಗೆ ಕಟ್ಟುತ್ತದೆ. ಆಕಳು ಮೇವನ್ನು ಆರಿಸಿ ತಿನ್ನುವುದಿಲ್ಲ. ಪ್ಲಾಸ್ಟಿಕ್ ಸುತಳಿ ಅದರ ಹೊಟ್ಟೆಯಲ್ಲಿ ಕರಗುವುದಿಲ್ಲ. ಉಂಡೆಗಟ್ಟಿ ದಾರಿ ಕಟ್ಟುತ್ತದೆ. ದನ ಮೆಲುಕು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಹಾಲು ಇಳಿಯುತ್ತದೆ. ಕಡೆಗೆ ಡಾಕ್ಟರು ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ, ಹೊತ್ತು ಮೀರಿದ್ದರೆ ದನ ಉಳಿಯದು. ಬರಗಾಲದಲ್ಲಿ ದನವನ್ನು ಉಳಿಸಲೆಂದು ಕಟ್ಟಿದ ಪೆಂಡಿಯೇ ದನವನ್ನು ಕೊಂದಂತಾಗುತ್ತದೆ.

ಆದುದರಿಂದ ಒಂದು ಸುಲಭ ಲೆಕ್ಕವನ್ನು ಮನೆಯವರೆಲ್ಲರೂ ಕಲಿಯಬೇಕು. ಪೆಂಡಿಗೆ ಎರಡು ಸುತಳಿ. ಮೇವು ಹಾಕುವವರು, ಅವರು ಮನೆಯ ಹೆಣ್ಣುಮಕ್ಕಳಿರಲಿ ಹುಡುಗರಿರಲಿ, ಪೆಂಡಿ ಬಿಚ್ಚಿದೊಡನೆ ಎರಡು ಸುತಳಿಗಳನ್ನೂ ಗಂಟಿನೊಡನೆ ಪೂರ್ತಿಯಾಗಿ ಎಳೆದು ಗೋದಲಿಯ ಮೇಲಿನ ಮೊಳೆಗೆ ತೂಗುಹಾಕಲಿ. ಸಂಜೆಗೆ ಎಣಿಸಲಿ. ಐದು ಪೆಂಡಿ ಹಾಕಿದರೆ ಹತ್ತು ಸುತಳಿ ಇರಬೇಕು. ಒಂಬತ್ತಿದ್ದರೆ ಹತ್ತನೆಯದನ್ನು ಗೋದಲಿಯಲ್ಲಿ ಹುಡುಕದೆ ಮಲಗಬಾರದು. ಹೊಲದಲ್ಲಿಯೂ ತಪ್ಪಿದ ಪೆಂಡಿಯ ಸುತಳಿಯನ್ನು ಆರಿಸಿದ ಮೇಲೆಯೇ ಆ ಮೇವನ್ನು ಮತ್ತೆ ಯಂತ್ರಕ್ಕೆ ಕೊಡಬೇಕು.

ಸಾರಾಂಶ

ಮೊದಲು ಯಂತ್ರ ನಿಲ್ಲಿಸಿ ಕೀಲಿ ಕಿಸೆಗೆ. ಬಳಿಕ ಸುತಳಿ, ಬಳಿಕ ಚಾಕು, ಬಳಿಕ ಧೂಳು. ಇವು ಮೂರೂ ಸರಿಯಿದ್ದರೆ ತುದಿಗಳನ್ನು ಓದಿ ಹಿಡಿಪಟ್ಟಿಯೋ ನಾಲಿಗೆಯೋ ತೋಳೋ ಎಂದು ನಿಶ್ಚಯಿಸುವುದು. ಒಂದು ಸಲಕ್ಕೆ ಒಂದೇ ಬದಲು. ಸೂಜಿ ಬಾಗಿದ್ದು, ತಾಳ ತಪ್ಪಿದ್ದು, ಭಾಗ ಸವೆದದ್ದು ಇವಕ್ಕೆ ಮಾತ್ರ ಸೊಲ್ಲಾಪುರದ ದಾರಿ, ಚಿಂಚೋಳಿಯ ದಾರಿ.

ಈ ಪುಟವನ್ನು ಕತ್ತರಿಸಿ ಯಂತ್ರದ ಸುತಳಿಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಟ್ಟರೆ ಬೇಕಾದಾಗ ಕಣ್ಣಿಗೆ ಬೀಳುವುದು. ಕನ್ನಡ ಓದಬಲ್ಲ ಹುಡುಗನೊಬ್ಬನು ಊರಿನಲ್ಲಿದ್ದರೆ ಅವನಿಂದ ಯಂತ್ರ ನಡ��ಸುವವನಿಗೆ ಓದಿಸಿ ಹೇಳಿಸಿರಿ. ನಮ್ಮ ಅಜ್ಜಂದಿರು ಸೂಡು ಕಟ್ಟುವ ಗಂಟನ್ನು ಮಕ್ಕಳ ಬೆರಳು ಹಿಡಿದು ಕಲಿಸಿದರು. ಯಂತ್ರದ ಗಂಟನ್ನೂ ಹಾಗೆಯೇ ನಮ್ಮ ಮಾತಿನಲ್ಲಿ ನಮ್ಮ ಹುಡುಗರಿಗೆ ಕಲಿಸುವುದು ನಮ್ಮ ಹೊಣೆ. ಇಲ್ಲಿ ಹೇಳದೆ ಉಳಿದ ದೋಷವನ್ನು ಕಂಡು ತಿದ್ದಿದವರು ಅದನ್ನು ನಮಗೆ ಬರೆದು ತಿಳಿಸಿದರೆ ಉಳಿದ ಓದುಗರಿಗೂ ಉಪಯೋಗವಾದೀತು.